‘ಯೂ ಡೋಂಟ್ ಸೇ’ ಅಂದರೆ ಏನು? ಆಫೀಸಿನಲ್ಲಿ ಹೇಗೆ ಬಳಸಬೇಕು?

ಈ ಮೂರು ಪದಗಳಿಂದ ನನ್ನ ಕೈಯಲ್ಲಿದ್ದ ಒಂದು ಕ್ಲೈಂಟ್ ಅಕೌಂಟ್ ಹೋಯಿತು. ಅದಕ್ಕೇ ಉತ್ತರ ಬರೆಯುತ್ತಿದ್ದೇನೆ.

‘ನೀನು ಹೇಳಬೇಡ’ ಅಂತ ಅರ್ಥ ಅಲ್ಲ. ಇದು ‘ಯೂ ಡೋಂಟ್ ಸೇ ಸೋ’ ಅನ್ನುವುದರ ಮೊಟಕು ರೂಪ. ನಮ್ಮ ‘ಹೌದಾ!’, ‘ಏನ್ ಹೇಳ್ತಿದ್ದೀರಿ!’ ಇದ್ದ ಹಾಗೆ. ಇಷ್ಟು ನನಗೂ ಗೊತ್ತಿತ್ತು. ಇಷ್ಟೇ ಗೊತ್ತಿತ್ತು.

ಆಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಸಪೋರ್ಟ್ ಕೆಲಸ, ನೈಟ್ ಶಿಫ್ಟ್. ನಾನು ಹಾಸನದ ಕಡೆಯವನು, ಓದಿದ್ದು ಕನ್ನಡ ಮೀಡಿಯಂ. ಇಂಗ್ಲಿಷ್ ನುಡಿಗಟ್ಟುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ದಿನಕ್ಕೊಂದು ಬಳಸುತ್ತಿದ್ದೆ. ಒಂದು ರಾತ್ರಿ ಅಮೆರಿಕದ ಡಲ್ಲಾಸ್‌ನ ಕ್ಲೈಂಟ್ ಒಬ್ಬರು ಚಾಟ್‌ನಲ್ಲಿ ಬರೆದರು: ಬಿಲ್ಲಿನ ಮೊತ್ತ ತಪ್ಪಾಗಿ ಬರುತ್ತಿದೆ, ಸೋಮವಾರದಿಂದ ಒಂದೂ ಬಿಲ್ ಕಳಿಸಲು ಆಗಿಲ್ಲ. ನನಗೆ ನಿಜಕ್ಕೂ ಗಾಬರಿಯಾಯಿತು. ‘ಅಯ್ಯೋ, ಹೌದಾ ಸಾರ್!’ ಅನ್ನುವ ಭಾವದಲ್ಲಿ ‘ಯೂ ಡೋಂಟ್ ಸೇ’ ಅಂತ ಟೈಪ್ ಮಾಡಿ, ಕೊನೆಗೊಂದು ಫುಲ್‌ಸ್ಟಾಪ್ ಇಟ್ಟು ಕಳಿಸಿದೆ.

ಆ ಕಡೆಯಿಂದ ಉತ್ತರ ಇಲ್ಲ. ಹತ್ತು ನಿಮಿಷಕ್ಕೆ ಮ್ಯಾನೇಜರ್ ಫೋನ್ ಬಂತು.

ತಪ್ಪು ಎಲ್ಲಾಯಿತು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಆ ಕ್ಲೈಂಟ್ ಅದೇ ದೂರನ್ನು ಅದಾಗಲೇ ಎರಡು ಸಲ ಕೊಟ್ಟಿದ್ದರು. ಹಳೆಯ ಟಿಕೆಟ್‌ಗಳನ್ನು, ಅಂದರೆ ಆ ದೂರುಗಳ ದಾಖಲೆಯನ್ನು, ನಾನು ತೆರೆದೇ ಇರಲಿಲ್ಲ. ನನಗೆ ಅದು ಹೊಸ ಸುದ್ದಿ, ಅವರಿಗೆ ಮೂರನೇ ಸಲದ ಗೋಳು. ಗೊತ್ತಿರುವ ವಿಷಯಕ್ಕೆ ‘ಯೂ ಡೋಂಟ್ ಸೇ’ ಅಂದರೆ ಅದು ಅಚ್ಚರಿಯಾಗಿ ಉಳಿಯುವುದಿಲ್ಲ, ಕುಹಕವಾಗುತ್ತದೆ. ‘ಓಹೋ, ಭಾರಿ ಹೊಸ ವಿಷಯ ಹೇಳಿದೆ ನೋಡು!’ ಅಂದ ಹಾಗೆ. ಹಾಲಿವುಡ್ ನಟ ನಿಕೊಲಸ್ ಕೇಜ್ ಕಣ್ಣರಳಿಸಿರುವ ಮೀಮ್ ನೋಡಿರುತ್ತೀರಿ. ಅದರ ಮೇಲಿರುವುದು ಇದೇ ಮಾತು, ಇದೇ ಕುಹಕದಲ್ಲಿ. ಬಾಯಲ್ಲಿ ಹೇಳಿದ್ದರೆ ದನಿಯಾದರೂ ನನ್ನ ಪರವಾಗಿ ನಿಲ್ಲುತ್ತಿತ್ತು. ಅಚ್ಚರಿಯಾದಾಗ ದನಿ ಏರಿ ಇಳಿಯುತ್ತದೆ, ಕುಹಕದಲ್ಲಿ ಸಪ್ಪಗಿರುತ್ತದೆ. ಚಾಟ್‌ನಲ್ಲಿ ದನಿ ಎಲ್ಲಿಂದ ಬರಬೇಕು? ಆ ಫುಲ್‌ಸ್ಟಾಪ್ ನನ್ನ ಮಾತನ್ನು ಇನ್ನಷ್ಟು ಸಪ್ಪೆ ಮಾಡಿತು. ನಮ್ಮಲ್ಲೂ ಹಾಗೇ ಅಲ್ವಾ? ಅಮ್ಮ ‘ಹೌದಾ!’ ಅಂದರೆ ಒಂದು ಅರ್ಥ, ‘ಹೌದಾಆಆ?’ ಅಂತ ಎಳೆದರೆ ಇನ್ನೊಂದು.

ಕ್ಷಮೆ ಕೇಳಿ ಉದ್ದದ ಮೇಲ್ ಬರೆದೆ. ಆದರೂ ಆ ಅಕೌಂಟಿನಿಂದ ತೆಗೆದರು. ಆ ವರ್ಷ ನನಗೆ ಸಿಗಬೇಕಿದ್ದ ಆನ್‌ಸೈಟ್, ಅಂದರೆ ಕ್ಲೈಂಟ್ ಇರುವಲ್ಲಿಗೇ ಹೋಗಿ ಕೆಲಸ ಮಾಡುವ ಅವಕಾಶ, ಬೇರೆಯವರಿಗೆ ಹೋಯಿತು.

ಹೇಗೆ ಬಳಸಬೇಕು ಅಂತ ಕೇಳಿದ್ದೀರಿ. ಆಫೀಸಿನಲ್ಲಿ ಬಳಸಲೇಬೇಡಿ. ಇಂಥ ಮಾತು ಸೇರಿಸಿದರೆ ಇಂಗ್ಲಿಷ್ ಚೆನ್ನಾಗಿ ಕಾಣುತ್ತದೆ ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ಬೇರೆಯವರು ಅಂದಾಗ ಅರ್ಥವಾದರೆ ಸಾಕು. ಅಚ್ಚರಿಯಾದರೆ ಸುಮ್ನೆ ‘ರಿಯಲಿ?’ ಅನ್ನಿ. ಎದುರಿನವರು ಕಷ್ಟ ಹೇಳಿಕೊಳ್ಳುತ್ತಿದ್ದರೆ ಅದೂ ಬೇಡ, ‘ಐ ಆಮ್ ಸಾರಿ ಟು ಹಿಯರ್ ದಟ್’ ಅಂತ ಬರೆಯಿರಿ. ಅದಕ್ಕೂ ಮುಂಚೆ ಅವರ ಹಳೆಯ ಟಿಕೆಟ್‌ಗಳನ್ನು ತೆರೆದು ಓದಿ.