ಎಚ್‌ಆರ್‌ಗೆ ಹೋದರೆ ಎಂಜಿನಿಯರಿಂಗ್ ಮುಗಿಯಿತೇ?

ಪ್ಲಾಂಟ್‌ನಿಂದ ಎಚ್‌ಆರ್‌ಗೆ (ಸಿಬ್ಬಂದಿ ವಿಭಾಗಕ್ಕೆ) ಹಾಕ್ತಿದ್ದಾರೆ, ನನ್ನ ಎಂಜಿನಿಯರಿಂಗ್ ಕಥೆ ಮುಗೀತಾ ಅಂತ ಕೇಳಿದ್ದೀರಿ. ಹಾಗೇನಿಲ್ಲ ಮೇಡಂ. ಅಮೆರಿಕದ ಕಾರು ಕಂಪನಿ ಜನರಲ್ ಮೋಟರ್ಸ್‌ನ ಮೇರಿ ಬಾರಾ ಅವರನ್ನೇ ನೋಡಿ. 1980ರಲ್ಲಿ, 18ನೇ ವಯಸ್ಸಿಗೆ, ಕಾರಿನ ಬಾನೆಟ್ಟು, ಫೆಂಡರ್ ತಪಾಸಣೆ ಮಾಡುವ ವಿದ್ಯಾರ್ಥಿನಿಯಾಗಿ ಸೇರಿದವರು. ಅಪ್ಪ ಅದೇ ಕಂಪನಿಯಲ್ಲಿ ಡೈ ಮೇಕರ್, ಅಂದರೆ ಬಿಡಿಭಾಗಗಳ ಅಚ್ಚು ಮಾಡುವವರು. ಎಲೆಕ್ಟ್ರಿಕಲ್ ಓದಿ, ಡೆಟ್ರಾಯಿಟ್‌ನಲ್ಲಿ ಅಸೆಂಬ್ಲಿ ಪ್ಲಾಂಟ್ ನಡೆಸಿ, 2008ರಲ್ಲಿ ಉತ್ಪಾದನಾ ಎಂಜಿನಿಯರಿಂಗ್‌ನ ಉಪಾಧ್ಯಕ್ಷೆಯಾದರು. ಮರುವರ್ಷ, ಅದೂ ಕಂಪನಿ ದಿವಾಳಿ ಅರ್ಜಿ ಹಾಕಿದ ವರ್ಷವೇ, ಎಚ್‌ಆರ್! ಹತ್ತು ಪುಟದ ಉಡುಪಿನ ನಿಯಮವನ್ನು ಎರಡೇ ಪದಕ್ಕೆ ಇಳಿಸಿದ್ದು ಅಲ್ಲಿದ್ದಾಗಲೇ. 2011ರಲ್ಲಿ ವಾಹನ ಅಭಿವೃದ್ಧಿ ವಿಭಾಗ, 2014ರ ಜನವರಿಯಲ್ಲಿ ಸಿಇಒ.

ಆದರೆ ಒಂದು ಮಾತು: ಪ್ಲಾಂಟ್ ನಡೆಸಿದ ಅನುಭವ ಅವರಿಗೆ ಮೊದಲೇ ಇತ್ತು. ನಿಮಗೆ ಅದಿನ್ನೂ ಸಿಕ್ಕಿಲ್ಲದಿದ್ದರೆ, ವಾಪಸ್ ಪ್ಲಾಂಟ್‌ಗೆ ಯಾವಾಗ ಅನ್ನೋದನ್ನ ಈಗಲೇ ಮೇಲ್‌ನಲ್ಲಿ ಬರೆಸಿಕೊಳ್ಳಿ.