ಅಕ್ಕಿ ಕೆಂಪಾಗಲಿಲ್ಲ, ಕೇಸರಿಯಲ್ಲೇ ನಿಂತಿತು

ಪ್ರಶ್ನೆ: ಮೇಡಂ, ನಮಸ್ಕಾರರೀ. ನಾನು ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ನಮ್ಮದು ನೂಲಿಗೆ ಬಣ್ಣ ಹಾಕುವ ಮನೆತನ. ಶಿಲೀಂಧ್ರದಿಂದ ಕೆಂಪು ತೆಗೆಯಬೇಕೆಂದು ಕಾಲೇಜಿನ ಲ್ಯಾಬಿನಲ್ಲಿ ಮೊನಾಸ್ಕಸ್ ಪರ್ಪ್ಯೂರಿಯಸ್ ಅನ್ನು ಅನ್ನದ ಮೇಲೆ ಬೆಳೆಸಿದೆ. ಸಾರಜನಕಕ್ಕೆ ಅಮೋನಿಯಂ ಸಲ್ಫೇಟ್ ಬೆರೆಸಿದ್ದೆ. ಫ್ಲಾಸ್ಕುಗಳನ್ನು ಕಿಟಕಿ ಪಕ್ಕ ಇಟ್ಟು ಹತ್ತು ದಿನ ಕಾದೆ. ಮೇಲಷ್ಟೇ ಕೇಸರಿ ಬಂದಿದೆ, ಒಳಗೆ ಅನ್ನ ಬೆಳ್ಳಗೇ ಇದೆ. ನೀರಲ್ಲಿ ನೆನೆಸಿದರೆ ಬಣ್ಣ ಬಿಡುವುದೂ ಇಲ್ಲ. ನಮ್ಮ ಸೆರಗಿನ ಕೆಂಪು ಬರಬೇಕಾದರೆ ಏನು ಮಾಡಲಿ?
— ವಿದ್ಯಾರ್ಥಿನಿ, ಇಳಕಲ್

ಉತ್ತರ: ತಂಗೀ, ನಿನ್ನ ಶಿಲೀಂಧ್ರ ಸೋತಿಲ್ಲ, ಅರ್ಧ ದಾರಿಯಲ್ಲಿ ನಿಂತಿದೆ. ಅದು ಮೊದಲು ಕಟ್ಟುವುದೇ ಕೇಸರಿ ಬಣ್ಣವನ್ನು. ಆ ಕೇಸರಿ ಕಣದಲ್ಲಿ ಆಮ್ಲಜನಕ ಕೂತಿರುವ ಒಂದು ಜಾಗಕ್ಕೆ ಅಮೈನೋ ಆಮ್ಲದ ಸಾರಜನಕ ಬಂದು ಸೇರಿದಾಗ ಅದು ಕೆಂಪಾಗುತ್ತದೆ. ನೀನು ಸಾರಜನಕ ಕೊಟ್ಟಿದ್ದು ನಿಜ, ಆದರೆ ಕೊಟ್ಟ ರೂಪ ಸರಿಯಿರಲಿಲ್ಲ. ಅಮೋನಿಯಂ ಲವಣದಿಂದ ಅಮೋನಿಯಾವನ್ನು ಹೀರಿಕೊಳ್ಳುತ್ತ ಶಿಲೀಂಧ್ರ ಹುಳಿ ಬಿಡುತ್ತದೆ, ಪಿಎಚ್ ಇಳಿಯುತ್ತದೆ. ಹುಳಿಯಾದ ಕಡೆ ಕೇಸರಿ ಕೆಂಪಿಗೆ ತಿರುಗುವುದಿಲ್ಲ. ನೀರಿಗೆ ಬಣ್ಣ ಬಿಡದಿರುವುದಕ್ಕೂ ಇದೇ ಕಾರಣ: ಕೇಸರಿ ಬಣ್ಣ ಶಿಲೀಂಧ್ರದ ಎಳೆಗಳಲ್ಲೇ ಅಂಟಿಕೊಂಡಿರುತ್ತದೆ.

ಸಲ್ಫೇಟ್ ಬಿಟ್ಟು ಮೊನೊಸೋಡಿಯಂ ಗ್ಲುಟಮೇಟ್ ಹಾಕು. ಗೋಬಿ ಮಂಚೂರಿ ಗಾಡಿಯಲ್ಲಿ ಟೇಸ್ಟಿಂಗ್ ಪೌಡರ್ ಅಂತಾರಲ್ಲ, ಅದೇ; ಅದು ಒಂದು ಅಮೈನೋ ಆಮ್ಲದ ಲವಣ. ಗ್ಲುಟಮೇಟ್ ಸೇರಿದ ಕೆಂಪು ನೀರಿನಲ್ಲಿ ಕರಗುತ್ತದೆ; ಬಣ್ಣದ ಮನೆಗೆ ಬೇಕಾದದ್ದೂ ಅದೇ. ನೂರು ಗ್ರಾಂ ಅಕ್ಕಿಗೆ ಒಂದು ಗ್ರಾಂನಿಂದ ಶುರು ಮಾಡು, ಪಕ್ಕದಲ್ಲಿ ಅರ್ಧ ಗ್ರಾಂ, ಎರಡು ಗ್ರಾಂನ ಫ್ಲಾಸ್ಕುಗಳನ್ನೂ ಇಡು, ಏನೂ ಹಾಕದ್ದು ಒಂದಿರಲಿ. ನೆನೆಸುವ ನೀರಿನ ಪಿಎಚ್ 6ರ ಸುತ್ತಮುತ್ತ ಇರಲಿ.

ಒಳಗೆ ಬೆಳ್ಳಗೆ ಉಳಿದದ್ದಕ್ಕೆ ಕಾರಣ ಅನ್ನ ಮುದ್ದೆಯಾಗಿರುವುದು. ಮುದ್ದೆಯ ಒಳಗೆ ಗಾಳಿ ಹೋಗುವುದಿಲ್ಲ. ಗಾಳಿಯಿಲ್ಲದೆ ಈ ಬಣ್ಣವಿಲ್ಲ. ವಿಜಯಪುರದಲ್ಲಿ ಪಾಠ ಮಾಡುತ್ತಿದ್ದಾಗ ನಾನೂ ಇದೇ ತಪ್ಪು ಮಾಡಿ ಒಂದು ಇಡೀ ಬ್ಯಾಚ್ ಚೆಲ್ಲಿದ್ದೇನೆ. ಮನೆಯಲ್ಲಿ ಜೋಳದ ನುಚ್ಚು ಉದುರುದುರಾಗಿ ಬೆಂದದ್ದನ್ನು ಕಂಡು, ಮರುದಿನ ಅದನ್ನೇ ಫ್ಲಾಸ್ಕಿಗೆ ಹಾಕಿದೆ. ಕಾಳು ಕಾಳಿಗೂ ಬಣ್ಣ ಹತ್ತಿತು. ಆ ಹದವೇ ನಿನಗೂ ಬೇಕು. ಉದ್ದ ಕಾಳಿನ, ಅಂಟದ ಅಕ್ಕಿ ತಗೋ. ನೆನೆಸಿ, ಪೂರ್ತಿ ಬಸಿದು, 250 ಮಿಲಿ ಫ್ಲಾಸ್ಕಿಗೆ 20 ಗ್ರಾಂಗಿಂತ ಹೆಚ್ಚು ತುಂಬಬೇಡ. ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಪಾತ್ರೆ) 121 ಡಿಗ್ರಿಯಲ್ಲಿ 20 ನಿಮಿಷ ಬೇಯಿಸಿದ ಮೇಲೆ ಮುಷ್ಟಿಯಲ್ಲಿ ಹಿಡಿದರೆ ಕಾಳು ಬಿಡಿಬಿಡಿಯಾಗಿರಬೇಕು, ನೀರು ಜಿನುಗಬಾರದು. ತೇವ ನೂರಕ್ಕೆ 50ರ ಆಸುಪಾಸು ಸಾಕು. ಬಿತ್ತಿದ ಎರಡನೇ ದಿನದಿಂದ ದಿನಾ ಒಮ್ಮೆ ಫ್ಲಾಸ್ಕನ್ನು ಅಂಗೈಗೆ ತಟ್ಟಿ ಗಂಟು ಬಿಡಿಸು. ಈ ಒಂದು ಕೆಲಸ ತಪ್ಪಿಸಬೇಡ.

ಕಿಟಕಿ ಪಕ್ಕದಿಂದ ತೆಗೆ. ಕತ್ತಲಲ್ಲಿ ಇದು ಹೆಚ್ಚು ಬಣ್ಣ ಕೊಡುತ್ತದೆ. ಇನ್ಕ್ಯುಬೇಟರ್‌ನಲ್ಲಿ 30 ಡಿಗ್ರಿ ಇರಲಿ, ನಮ್ಮ ಬೇಸಿಗೆಯ ಮಾಳಿಗೆ ಕೋಣೆಯ ಧಗೆಗೆ ಒಡ್ಡಬೇಡ. ಎರಡು ವಾರ ಕಾಯು. ಹಸಿರು ಅಥವಾ ಕಪ್ಪು ಚುಕ್ಕೆ ಕಂಡರೆ ತೆರೆಯದೆ ಹಾಗೇ ಆಟೋಕ್ಲೇವ್ ಮಾಡಿ ಬಿಸಾಡು. ಬಣ್ಣವನ್ನು ಕಣ್ಣಳತೆಯಲ್ಲಿ ಹೇಳಬೇಡ: ನೂರಕ್ಕೆ 70ರ ಎಥನಾಲ್‌ನಲ್ಲಿ ನೆನೆಸಿ ಸೋಸಿ, ಕಲರಿಮೀಟರ್‌ನಲ್ಲಿ ಕೇಸರಿಗೆ 470, ಕೆಂಪಿಗೆ 500 ನ್ಯಾನೊಮೀಟರ್‌ನಲ್ಲಿ ಓದು. ಎರಡರ ಅನುಪಾತ ನೋಡಿದರೆ ನಿನ್ನ ಕೇಸರಿ ಎಷ್ಟು ತಿರುಗಿತು ಎಂಬುದು ತಿಳಿಯುತ್ತದೆ.

ಇನ್ನೊಂದು ಮಾತು, ಇದನ್ನು ಹಗುರವಾಗಿ ತಗೋಬೇಡ. ಈ ಶಿಲೀಂಧ್ರದ ಹಲವು ತಳಿಗಳು ಸಿಟ್ರಿನಿನ್ ಎಂಬ ವಿಷವನ್ನೂ ಮಾಡುತ್ತವೆ. ಅದು ಮೂತ್ರಪಿಂಡಕ್ಕೆ ಹಾನಿ. ಚೀನಾದಲ್ಲಿ ಕೆಂಪು ಅಕ್ಕಿಯನ್ನು ಶತಮಾನಗಳಿಂದ ತಿಂದಿದ್ದಾರೆ ಎಂದು ಓದಿ ಮನೆಯ ಸಾರಿಗೆ ಹಾಕಲು ಹೋಗಬೇಡ. ಬಣ್ಣ ತೆಗೆದ ಅಕ್ಕಿಯನ್ನು ದನದ ಮುಂದೆಯೂ ಇಡಬೇಡ. ಒಣ ಪುಡಿ ಮಾಡುವಾಗ ಮಾಸ್ಕ್ ಇರಲಿ, ಕೈಗೆ ಗ್ಲೌಸ್ ಇರಲಿ.

ಸೆರಗಿನ ವಿಷಯ: ಹತ್ತಿಗಿಂತ ರೇಷ್ಮೆ ಇದನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಬಿಸಿಲಿಗೆ ಈ ಕೆಂಪು ಬೇಗ ಮಾಸುತ್ತದೆ. ಪಟಿಕ (ಬಣ್ಣ ಹಿಡಿಸುವ ಆಲಂ) ಹಚ್ಚಿದ ಒಂದು ಲಡಿಗೆ ಬಣ್ಣ ಹಾಕಿ, ಅರ್ಧ ಭಾಗಕ್ಕೆ ರಟ್ಟು ಮುಚ್ಚಿ ವಾರ ಬಿಸಿಲಿಗೆ ಕಟ್ಟು. ಎರಡೂ ಭಾಗ ಅಪ್ಪನಿಗೆ ತೋರಿಸು. ಗಿರಾಕಿಯ ಸೀರೆಗೆ ಹಾಕುವುದೋ ಬೇಡವೋ ಅವರೇ ಹೇಳಲಿ.

ಪ್ರಶ್ನೆ: ನಮ್ಮಲ್ಲಿ ಕಬ್ಬು ನುರಿಸಿದ ಸಿಪ್ಪೆ ಬೇಕಾದಷ್ಟು ಬಿದ್ದಿದೆ. ಅಕ್ಕಿಯ ಬದಲು ಅದರ ಮೇಲೇ ಇಂಥ ಬಣ್ಣ ಬೆಳೆಸಬಹುದೇ?
— ಓದುಗರು, ಮುಧೋಳ

ಉತ್ತರ: ಬೆಳೆಸಬಹುದು, ಆದರೆ ಸಿಪ್ಪೆ ಆಸರೆ ಮಾತ್ರ, ಆಹಾರವಲ್ಲ. ಪುಡಿ ಮಾಡಿ, ತೊಳೆದು, ಗ್ಲುಕೋಸ್ ಮತ್ತು ಗ್ಲುಟಮೇಟ್ ಬೆರೆತ ನೀರು ಕುಡಿಸಬೇಕು. ಸಕ್ಕರೆ ಹೆಚ್ಚಾದರೆ ಬಣ್ಣ ಹೆಚ್ಚಾಗುತ್ತದೆ ಅಂದುಕೊಳ್ಳಬೇಡಿ. ಲೀಟರಿಗೆ 50 ಗ್ರಾಂ ದಾಟಿತೆಂದರೆ ಶಿಲೀಂಧ್ರ ಆ ಸಕ್ಕರೆಯನ್ನು ಆಲ್ಕೋಹಾಲ್ ಮಾಡತೊಡಗುತ್ತದೆ, ಬಣ್ಣ ಇಳಿಯುತ್ತದೆ. 20 ಗ್ರಾಂನಿಂದ ಶುರು ಮಾಡಿ.