ವೇದಿಕೆ ಬಿಟ್ಟ ಬ್ಯಾಂಡ್ ಉಳಿದದ್ದು ಹೇಗೆ?

ಪ್ರಶ್ನೆ: ನಾನು ಕಾಲೇಜಿನಲ್ಲಿ ಗೆಳೆಯರ ಜೊತೆ ಗಿಟಾರ್ ನುಡಿಸುತ್ತೇನೆ. ಇತ್ತೀಚೆಗೆ ಬ್ರಿಟನ್ನಿನ ಎಕ್ಸ್‌ಟಿಸಿ ಬ್ಯಾಂಡ್‌ನ ‘ಮೇಕಿಂಗ್ ಪ್ಲಾನ್ಸ್ ಫಾರ್ ನೈಜೆಲ್’ ಕೇಳಿ ತುಂಬಾ ಇಷ್ಟವಾಯಿತು. ಹೆಸರು ಬರುವ ಹೊತ್ತಿಗೇ ಇವರು ವೇದಿಕೆ ಹತ್ತುವುದನ್ನು ನಿಲ್ಲಿಸಿದರು ಅಂತ ಓದಿದೆ. ಯಾಕೆ? ಲೈವ್ ಕಾರ್ಯಕ್ರಮ ಕೊಡದ ಬ್ಯಾಂಡ್ ಕಥೆ ಅಲ್ಲಿಗೇ ಮುಗಿದ ಹಾಗೆ ಅಲ್ವಾ? ಇವರ ಹಾಡು ಎಲ್ಲಿಂದ ಕೇಳಲು ಶುರು ಮಾಡಲಿ?

ಉತ್ತರ: ಇವರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಎಕ್ಸ್‌ಟಿಸಿ ಹೆಸರಿನಲ್ಲಿ ಬಂದ ಸ್ಟುಡಿಯೋ ಆಲ್ಬಂಗಳು ಒಟ್ಟು 12. ಐದು ವೇದಿಕೆ ಬಿಡುವ ಮುಂಚೆ ಬಂದವು, ಏಳು ಬಿಟ್ಟ ಮೇಲೆ. ನನ್ನನ್ನು ಕೇಳಿದರೆ ಅವರ ಅತ್ಯುತ್ತಮ ಹಾಡುಗಳಲ್ಲಿ ಹೆಚ್ಚಿನವು ಆ ಏಳರಲ್ಲೇ ಇವೆ.

ಇವರ ಊರು ಸ್ವಿಂಡನ್. ಲಂಡನ್ನಿನ ಪಶ್ಚಿಮಕ್ಕೆ, ಗ್ರೇಟ್ ವೆಸ್ಟರ್ನ್ ರೈಲ್ವೆಯ ಕಾರ್ಖಾನೆಯಿಂದ ಬೆಳೆದ ಊರು. ಆಂಡಿ ಪಾರ್ಟ್ರಿಜ್ ಗಿಟಾರ್ ಮತ್ತು ಹಾಡು, ಕಾಲಿನ್ ಮೋಲ್ಡಿಂಗ್ ಬಾಸ್ ಮತ್ತು ಹಾಡು, ಟೆರಿ ಚೇಂಬರ್ಸ್ ಡ್ರಮ್ಸ್. 1977ರಲ್ಲಿ ವರ್ಜಿನ್ ಎಂಬ ರೆಕಾರ್ಡ್ ಕಂಪನಿ ಜೊತೆ ಒಪ್ಪಂದವಾಯಿತು. ಕೀಬೋರ್ಡ್ ನುಡಿಸುತ್ತಿದ್ದ ಬ್ಯಾರಿ ಆಂಡ್ರೂಸ್ ಬಿಟ್ಟುಹೋದಾಗ, 1979ರಲ್ಲಿ ಅವರ ಜಾಗಕ್ಕೆ ಇನ್ನೊಬ್ಬ ಕೀಬೋರ್ಡ್ ವಾದಕ ಬರಲಿಲ್ಲ. ಗಿಟಾರ್ ನುಡಿಸುವ ಡೇವ್ ಗ್ರೆಗರಿ ಬಂದರು. ಈ ಬ್ಯಾಂಡ್ ನಿಜವಾದ ಗಿಟಾರ್ ಬ್ಯಾಂಡ್ ಆಗಿದ್ದು ಆಗಲೇ.

ಅದೇ ವರ್ಷದ್ದು ನೀವು ಕೇಳಿದ ಹಾಡು. ಮೋಲ್ಡಿಂಗ್ ಬರೆದದ್ದು, ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 17ನೇ ಸ್ಥಾನಕ್ಕೆ ಏರಿತು. ಮಗನ ಕೆಲಸ, ಭವಿಷ್ಯ ಎಲ್ಲವನ್ನೂ ಅಪ್ಪ ಅಮ್ಮನೇ ತೀರ್ಮಾನ ಮಾಡಿಟ್ಟಿದ್ದಾರೆ, ಮಗನನ್ನು ಒಂದು ಮಾತು ಕೇಳಿಲ್ಲ. ನಮ್ಮ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀವು ಗಿಟಾರ್ ನುಡಿಸುವವರಾದ್ದರಿಂದ ಒಂದು ಮಾತು: ಇನ್ನೊಮ್ಮೆ ಕೇಳುವಾಗ ಡ್ರಮ್ಸ್ ಕಡೆ ಗಮನ ಕೊಡಿ. ಬೇರೆಯವರು ಹೈ-ಹ್ಯಾಟ್ ಅನ್ನುವ ಜೋಡಿ ತಟ್ಟೆಯ ಮೇಲೆ ಹಾಕುವ ಏಟುಗಳನ್ನು ಚೇಂಬರ್ಸ್ ಟಾಮ್ ಅನ್ನುವ ಡ್ರಮ್‌ಗಳ ಮೇಲೆ ಹಾಕುತ್ತಾರೆ. ತಾಳ ಮೇಲಿಂದ ಚಿಮ್ಮುವ ಬದಲು ಕೆಳಗಿನಿಂದ ಗುದ್ದುತ್ತದೆ, ಯಂತ್ರ ಓಡಿದ ಹಾಗೆ. ಅದರ ಮೇಲೆ ಎರಡು ಗಿಟಾರ್‌ಗಳು ತುಂಡು ತುಂಡಾಗಿ ಮಾತಾಡುತ್ತವೆ. ಇಬ್ಬರೂ ಸುಮ್ನೆ ಕಾರ್ಡ್ ಬಾರಿಸುತ್ತಾ ಕೂರುವುದಿಲ್ಲ, ಒಬ್ಬರು ಬಿಟ್ಟ ಜಾಗದಲ್ಲಿ ಇನ್ನೊಬ್ಬರು ಬರುತ್ತಾರೆ. ನಿಮ್ಮ ಬ್ಯಾಂಡ್‌ನಲ್ಲಿ ಇಬ್ಬರು ಗಿಟಾರಿಗರಿದ್ದರೆ ಈ ಒಂದು ಹಾಡನ್ನು ಕೂತು ಕಲಿಯಿರಿ.

ಇನ್ನು ವೇದಿಕೆ ವಿಷಯ. ಐದು ವರ್ಷ ಬಿಡುವಿಲ್ಲದೆ ದೇಶ ದೇಶ ತಿರುಗಿದ್ದರು. ಪಾರ್ಟ್ರಿಜ್‌ಗೆ ಚಿಕ್ಕ ವಯಸ್ಸಿನಲ್ಲೇ ವೈದ್ಯರು ಆತಂಕ ತಗ್ಗಿಸುವ ವೇಲಿಯಮ್ ಮಾತ್ರೆ ಬರೆದುಕೊಟ್ಟಿದ್ದರು, ಅದು ಬಿಡಲಾಗದ ಅಭ್ಯಾಸವಾಗಿತ್ತು. ಕೊನೆಗೆ ಆ ಮಾತ್ರೆ ಒಮ್ಮೆಲೇ ನಿಂತಿತು. ಆಮೇಲೆ ಜನರ ಮುಂದೆ ನಿಲ್ಲುವುದೇ ಭಯವಾಯಿತು. 1982ರ ಮಾರ್ಚ್‌ನಲ್ಲಿ ಪ್ಯಾರಿಸ್‌ನಲ್ಲಿ ಕಾರ್ಯಕ್ರಮ ಶುರುವಾಗುತ್ತಿದ್ದಂತೆ ವೇದಿಕೆಯಿಂದ ಹೊರಟೇಹೋದರು. ಮುಂದಿನ ತಿಂಗಳು ಅಮೆರಿಕ ಪ್ರವಾಸವೂ ಅರ್ಧಕ್ಕೇ ನಿಂತಿತು. ಅಲ್ಲಿಂದಾಚೆ ಎಕ್ಸ್‌ಟಿಸಿ ಪ್ರವಾಸ ಹೊರಡಲೇ ಇಲ್ಲ. ‘ಸೆನ್ಸಸ್ ವರ್ಕಿಂಗ್ ಓವರ್‌ಟೈಮ್’ ಬ್ರಿಟನ್ನಿನಲ್ಲಿ 10ನೇ ಸ್ಥಾನ ಮುಟ್ಟಿದ, ಅವರ ಅತಿ ದೊಡ್ಡ ಗೆಲುವಿನ ವರ್ಷವೇ ಅದು! ಇದನ್ನು ಹಟ ಅಂತಲೋ ಸೋಮಾರಿತನ ಅಂತಲೋ ಬರೆದವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅದು ಆರೋಗ್ಯದ ಪ್ರಶ್ನೆಯಾಗಿತ್ತು. ಆ ಕಾಲದಲ್ಲಿ ಅದನ್ನು ಹಾಗೆ ನೋಡುವವರು ಕಡಿಮೆ.

ನಷ್ಟ ಆಗಲಿಲ್ಲ ಅಂತಲ್ಲ. ಪ್ರವಾಸದ ದುಡ್ಡು ನಿಂತಿತು. ನುಡಿಸಲು ಕಾರ್ಯಕ್ರಮಗಳೇ ಇಲ್ಲದ ಮೇಲೆ ಚೇಂಬರ್ಸ್ ಕೂಡ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋದರು. ‘ಮಮ್ಮರ್’ (1983), ‘ದಿ ಬಿಗ್ ಎಕ್ಸ್‌ಪ್ರೆಸ್’ (1984) ಹೆಚ್ಚು ಮಾರಾಟವಾಗಲಿಲ್ಲ.

ಆಮೇಲೆ ಬಂದದ್ದು 1986ರ ‘ಸ್ಕೈಲಾರ್ಕಿಂಗ್’. ಅಮೆರಿಕದ ಟಾಡ್ ರಂಡ್‌ಗ್ರೆನ್ ಇದರ ನಿರ್ಮಾಪಕರು. ಬ್ಯಾಂಡ್ ಕಳಿಸಿದ್ದ ಹಾಡುಗಳನ್ನು ಧ್ವನಿಮುದ್ರಣಕ್ಕೆ ಮುಂಚೆಯೇ ಅವರು ಸಾಲಾಗಿ ಜೋಡಿಸಿಟ್ಟಿದ್ದರು, ಬೇಸಿಗೆಯ ಹಗಲಿನಿಂದ ಹಿಡಿದು ಸಾವಿನವರೆಗೆ. ಪಾರ್ಟ್ರಿಜ್‌ಗೂ ಅವರಿಗೂ ಒಂದಿಷ್ಟೂ ಹೊಂದಲಿಲ್ಲ. ಆದರೆ ಆಲ್ಬಂ ಕೇಳಿದರೆ ಆ ಜಗಳ ಎಲ್ಲೂ ಕಾಣುವುದಿಲ್ಲ. ಹುಳುಗಳ ಸದ್ದಿನಿಂದ ಶುರುವಾಗುವ ಮೊದಲ ಹಾಡು ಎರಡನೆಯದಕ್ಕೆ ಒಂದು ಕ್ಷಣವೂ ನಿಲ್ಲದೆ ಹರಿಯುತ್ತದೆ. ದೇವರಿಗೇ ಪತ್ರ ಬರೆದು ಪ್ರಶ್ನೆ ಕೇಳುವ ‘ಡಿಯರ್ ಗಾಡ್’ ಈ ಆಲ್ಬಂನಲ್ಲಿ ಮೊದಲು ಇರಲಿಲ್ಲ, ಒಂದು ಸಿಂಗಲ್‌ನ ಹಿಂಬದಿಯಲ್ಲಿತ್ತು. ಅಮೆರಿಕದ ರೇಡಿಯೋಗಳು ಅದನ್ನೇ ಹಾಕತೊಡಗಿದ ಮೇಲೆ, ಅಲ್ಲಿ ಇನ್ನೊಂದು ಹಾಡನ್ನು ತೆಗೆದು ಇದನ್ನು ಸೇರಿಸಿ ಮತ್ತೆ ಬಿಡುಗಡೆ ಮಾಡಿದರು.

ಈ ಆಲ್ಬಂನದ್ದೇ ಇನ್ನೊಂದು ಸಂಗತಿ ಇದೆ. ಸ್ಪೀಕರ್‌ಗೆ ವೈರ್ ಹಾಕುವಾಗ ಪ್ಲಸ್ ಮೈನಸ್, ಅಂದರೆ ಪೊಲಾರಿಟಿ, ಅದಲುಬದಲಾದರೆ ಹೊರಗೆ ತಳ್ಳಬೇಕಾದ ಕೋನ್ ಒಳಕ್ಕೆ ಎಳೆಯುತ್ತದೆ, ಗೊತ್ತಲ್ಲ? ಇಡೀ ‘ಸ್ಕೈಲಾರ್ಕಿಂಗ್’ ಹಾಗೆ ತಲೆಕೆಳಗಾಗಿ ಮುದ್ರಣವಾಗಿತ್ತು. ದನಿ ತೆಳು, ಬಾಸ್ ಕಮ್ಮಿ ಅನ್ನಿಸಿದರೂ ಕಾರಣ ಯಾರಿಗೂ ಹೊಳೆದಿರಲಿಲ್ಲ. ವರ್ಷಗಳ ನಂತರ ಮಾಸ್ಟರಿಂಗ್ ಎಂಜಿನಿಯರ್ ಜಾನ್ ಡೆಂಟ್ ಅದನ್ನು ಪತ್ತೆಹಚ್ಚಿದರು. 2010ರಲ್ಲಿ ಸರಿಪಡಿಸಿದ ಆವೃತ್ತಿ ಬಂತು.

1992ರ ‘ನಾನ್‌ಸಚ್’ ಆದ ಮೇಲೆ ಒಪ್ಪಂದದ ಷರತ್ತುಗಳ ಬಗ್ಗೆ ವರ್ಜಿನ್ ಜೊತೆ ಕೆಟ್ಟಿತು. ಕಾರ್ಮಿಕರ ಹಾಗೆ ಇವರು ಮುಷ್ಕರ ಹೂಡಿದರು. ಒಪ್ಪಂದದಿಂದ ಬಿಡುಗಡೆ ಸಿಗುವ ತನಕ ಆ ಕಂಪನಿಗೆ ಒಂದು ಹಾಡನ್ನೂ ಮುದ್ರಿಸಿ ಕೊಡಲಿಲ್ಲ. ಹಾಗೇ ವರ್ಷಗಳು ಕಳೆದವು. ಹಾಡುಗಳು ಮಾತ್ರ ಹುಟ್ಟುತ್ತಲೇ ಇದ್ದವು. 1999ರ ‘ಆಪಲ್ ವೀನಸ್’ ವಾದ್ಯವೃಂದದ ಆಲ್ಬಂ, ಮರುವರ್ಷದ ‘ವಾಸ್ಪ್ ಸ್ಟಾರ್’ ಗಿಟಾರಿನದು. ಅಷ್ಟರಲ್ಲಿ ಗ್ರೆಗರಿ ಹೊರಟಿದ್ದರು. ಆಮೇಲೆ ಹೊಸ ಆಲ್ಬಂ ಬರಲಿಲ್ಲ.

ಇವರಿಂದ ಕಲಿತವರು ಜಾಸ್ತಿ, ಇವರಷ್ಟೇ ಎಚ್ಚರದಿಂದ ಹಾಡು ಕಟ್ಟಿದವರು ಕಡಿಮೆ. 1992ರಲ್ಲಿ ಬ್ರಿಟನ್ನಿನ ಬ್ಲರ್ ಬ್ಯಾಂಡಿನವರು ತಮ್ಮ ಎರಡನೇ ಆಲ್ಬಂಗಾಗಿ ಮೊದಲು ಪಾರ್ಟ್ರಿಜ್ ಜೊತೆ ಕೆಲಸ ಮಾಡಿ ನೋಡಿದರು. ಆ ಮುದ್ರಣಗಳನ್ನು ಬಳಸಲಿಲ್ಲ, ಆದರೂ 90ರ ದಶಕದ ಬ್ರಿಟಿಷ್ ಗಿಟಾರ್ ಹುಡುಗರಿಗೆ ಹಾದಿ ಎಲ್ಲಿಂದ ಬಂತು ಅನ್ನುವುದು ಇದರಿಂದಲೇ ತಿಳಿಯುತ್ತದೆ. ಬ್ರಿಟನ್ನಿನ ಸಂಗೀತಗಾರ ಸ್ಟೀವನ್ ವಿಲ್ಸನ್ ಇವರ ಹಳೆಯ ಆಲ್ಬಂಗಳನ್ನು ಹೊಸದಾಗಿ ಮಿಕ್ಸ್ ಮಾಡಿದ್ದಾರೆ. 2018ರಲ್ಲಿ ಮೋಲ್ಡಿಂಗ್ ಮತ್ತು ಚೇಂಬರ್ಸ್ ತಮ್ಮೂರು ಸ್ವಿಂಡನ್‌ನಲ್ಲೇ ಮತ್ತೆ ಒಟ್ಟಿಗೆ ವೇದಿಕೆ ಹತ್ತಿದರು.

ಎಲ್ಲಿಂದ ಶುರು ಮಾಡಲಿ ಅಂದಿರಿ. ಮೊದಲು ‘ಇಂಗ್ಲಿಷ್ ಸೆಟಲ್‌ಮೆಂಟ್’ (1982) ಕೇಳಿ. ಗ್ರೆಗರಿಯ 12 ತಂತಿಯ ರಿಕನ್‌ಬ್ಯಾಕರ್ ಗಿಟಾರ್, ಮೋಲ್ಡಿಂಗ್‌ನ ಫ್ರೆಟ್‌ಲೆಸ್ ಬಾಸ್ ಎರಡೂ ಅದರಲ್ಲಿ ಚೆನ್ನಾಗಿ ಕೇಳಿಸುತ್ತವೆ. ಆಮೇಲೆ ‘ಸ್ಕೈಲಾರ್ಕಿಂಗ್’. ಅದನ್ನು ಬಿಡಿ ಬಿಡಿ ಹಾಡಾಗಿ ಕೇಳಬೇಡಿ. ಮೊದಲಿನಿಂದ ಕೊನೆಯವರೆಗೆ ಒಂದೇ ಪಟ್ಟಿಗೆ ಕೇಳಿ, ಕೊಳ್ಳುವುದಾದರೆ ಪೊಲಾರಿಟಿ ಸರಿಪಡಿಸಿದ್ದನ್ನೇ ಕೊಳ್ಳಿ.